ಹುಳದ ಕಾಲಿನ ಮೂರನೇ ಗೆಣ್ಣು

ಹೋದ ವಾರ ಮಾರ್ಕೆಟ್ಟಿನಿಂದ ತಂದಿದ್ದ ಬಾಳೆದಿಂಡನ್ನು ಪಲ್ಯಕ್ಕೆ ಹೆಚ್ಚೋಣವೆಂದು ಕೂತೆ. ಹೊರಗಿನ ಪಟ್ಟೆ ಸುಲಿಯುತ್ತಿದ್ದಂತೆ ಒಂದು ವಾಸನೆ ಮೂಗಿಗೆ ಬಡಿಯಿತು. ಹುಳಿ ಹೆಂಡಕ್ಕೂ ಕೊಳೆತ ಎಲೆಗೂ ನಡುವಿನ ವಾಸನೆ. ಎರಡನೇ ಪಟ್ಟೆಯ ಒಳಗೆ ಒಂದು ಮೂತಿ ಹುಳ ಇತ್ತು. ಕಪ್ಪಗೆ, ಸಣ್ಣ ಹುಣಸೆಬೀಜದಷ್ಟು, ಕಾಲೆಲ್ಲ ಮಡಚಿಕೊಂಡು ಸತ್ತ ಹಾಗೆ ಬಿದ್ದಿತ್ತು. ಸತ್ತಿರಲಿಲ್ಲ, ಮುಟ್ಟಿದರೆ ಹಾಗೆ ನಾಟಕ ಆಡುವುದು ಅದರ ಸ್ವಭಾವ.

ಬೇರೆಯವರಾಗಿದ್ದರೆ ಅದರ ಉದ್ದನೆಯ ಮೂತಿ ನೋಡಿ ಮುಖ ಸಿಂಡರಿಸುತ್ತಿದ್ದರು. ನಾನು ಕನ್ನಡಕ ಏರಿಸಿ, ಪಿನ್ನಿನ ತುದಿಯಿಂದ ಅದರ ಕಾಲು ಬಿಡಿಸಿ, ಪಾದದ ಮೂರನೇ ಗೆಣ್ಣು ನೋಡಿದೆ. ಅಗಲವಾಗಿತ್ತು. ‘ಮೇಲಿನದು’ ಎಂದು ಬಾಯಿ ತಾನಾಗಿ ಹೇಳಿತು. ಹುಳವನ್ನು ಸಿಂಕಿಗೆ ಹಾಕಿ ನೀರು ಬಿಟ್ಟು, ದಿಂಡನ್ನು ಕಸದ ಬುಟ್ಟಿಗೆ ಎಸೆದೆ.

ಆ ಮೂರನೇ ಗೆಣ್ಣು ನೋಡುವುದನ್ನು ನನಗೆ ಕಲಿಸಿದವರ ಬಗ್ಗೆ ಇವತ್ತು ಬರೆಯುತ್ತಿದ್ದೇನೆ. ಬರೆಯುವಾಗ ಕಣ್ಣೀರು ಹಾಕುತ್ತೇನೆಂದು ಯಾರೂ ಭಾವಿಸಬೇಡಿ. ನಾನು ಅಷ್ಟು ಮೆತ್ತಗಿನ ಹೆಂಗಸಲ್ಲ, ಅವತ್ತೂ ಆಗಿರಲಿಲ್ಲ.

ನಮ್ಮೂರು ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವಾಗ ರಸ್ತೆಯಿಂದ ಎರಡು ಮೈಲಿ ಒಳಗೆ. ತೊಂಬತ್ತರ ದಶಕದ ನಡುಭಾಗ. ರಸಬಾಳೆಗೆ ಸೊರಗು ರೋಗ ಬಂದು ಸುತ್ತಮುತ್ತಲ ತೋಟಗಳು ಒಂದೊಂದಾಗಿ ಕಬ್ಬಿಗೆ ತಿರುಗುತ್ತಿದ್ದ ಕಾಲ. ನಮ್ಮ ತೋಟದಲ್ಲಿ ಮಾತ್ರ ರಸಬಾಳೆ ನಿಂತಿತ್ತು. ಅಪ್ಪನಿಗೆ ಗೊನೆಗಿಂತ ಕಂದಿನ ಮೇಲೆ ಹೆಮ್ಮೆ. ತಾಯಿಗಿಡದ ಬುಡದಿಂದ ಎದ್ದು ಬರುವ ಆ ಎಳೆ ಕಂದುಗಳನ್ನು ಗೆಡ್ಡೆ ಸಮೇತ ಕಿತ್ತು ಬೇರೆಯವರಿಗೆ ಕೊಡುವಾಗ, ಹೆಣ್ಣು ಕೊಡುವ ಮನೆಯ ಯಜಮಾನನ ಗತ್ತು ಅವರಿಗೆ ಬರುತ್ತಿತ್ತು. ‘ದೊಡ್ಡಮನೆ ಕಂದು’ ಎಂದರೆ ತಾಂಡವಪುರದವರೆಗೂ ಹೆಸರು.

ಅಂಥ ತೋಟದಲ್ಲಿ ಒಂದು ವರ್ಷ ಗಿಡಗಳು ಗೊನೆ ಹೊತ್ತುಕೊಂಡೇ ಬುಡ ಕಳಚಿ ಮಲಗತೊಡಗಿದವು. ಗಾಳಿಯಿಲ್ಲ, ಮಳೆಯಿಲ್ಲ. ಊರಿಗೆಲ್ಲ ಗೊತ್ತಾದರೆ ಮರ್ಯಾದೆ ಪ್ರಶ್ನೆ ಎಂದು ಅಪ್ಪ ಗುಟ್ಟಾಗಿ ತೋಟಗಾರಿಕೆ ಇಲಾಖೆಗೆ ಹೇಳಿಕಳಿಸಿದರು. ಸೈಕಲ್ ತುಳಿದುಕೊಂಡು ಬಂದವರು ಇವರು.

ಆಗ ಅವರಿಗೆ ಮೂವತ್ತರ ಮೇಲೆ ಒಂದೋ ಎರಡೋ ಇರಬಹುದು. ತೆಳ್ಳಗಿದ್ದರು. ಗರಿಗರಿ ಇಸ್ತ್ರಿಯ ಶರ್ಟು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಭೂತಗನ್ನಡಿ. ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದ ರಟ್ಟಿನ ಡಬ್ಬದ ತುಂಬ ಹೋಮಿಯೋಪತಿ ಗುಳಿಗೆಯ ಖಾಲಿ ಸೀಸೆಗಳು. ಬಾಳೆ ತೋಟಗಳನ್ನು ನೋಡಿ ವರದಿ ಬರೆಯುವ ಸಹಾಯಕರ ಕೆಲಸ, ಅದೂ ತಾತ್ಕಾಲಿಕ. ಮೇಲಿನವರು ವರ್ಷ ವರ್ಷವೂ ಒಳ್ಳೆಯ ಮಾತು ಬರೆದರೆ ಮುಂದುವರಿಯುತ್ತಿತ್ತು. ಮುಂದಿನ ಯುಗಾದಿಯ ಹೊತ್ತಿಗೆ ಖಾಯಂ ಆಗುವ ಮಾತಿದೆ, ಮನೆಯಲ್ಲಿ ಹೆಂಡತಿ, ಒಂದು ಸಣ್ಣ ಮಗು ಇದೆ ಎಂದು ಅವರೇ ಒಮ್ಮೆ ಹೇಳಿದ್ದರು. ಊರಿನವರು ಹುಳದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಮೇಷ್ಟ್ರು ಅನ್ನಿಸಿಕೊಳ್ಳಲು ಕಾರಣ, ಯಾರು ಏನೇ ಹೇಳಿದರೂ ತಿದ್ದುವ ಚಾಳಿ. ಅಪ್ಪ ‘ಉಳ ಬಿದ್ದದೆ ಸಾ’ ಎಂದರೆ ‘ಯಾವ ಹುಳ?’ ಅನ್ನುವರು. ‘ಕರೀ ಉಳ’ ಎಂದರೆ ‘ಕರೀದು ಅಂದ್ರೆ ಸಾಲದು ಗೌಡ್ರೇ’ ಅನ್ನುವರು. ಕೇಳಿದವರಿಗೆ ಮೈ ಉರಿಯುತ್ತಿತ್ತು, ನನಗೂ ಉರಿಯುತ್ತಿತ್ತು.

ನಾನು ಆಗ ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಪ್ರಾಣಿಶಾಸ್ತ್ರ. ರಜೆಗೆ ಊರಿಗೆ ಬಂದಿದ್ದೆ. ರಜೆ ಮುಗಿಯುವಷ್ಟರಲ್ಲಿ ನಲವತ್ತು ಕೀಟ ಹಿಡಿದು, ಪಿನ್ನು ಚುಚ್ಚಿ, ಕೆಳಗೆ ಹೆಸರು ಬರೆದು, ಗಾಜಿನ ಮುಚ್ಚಳದ ಪೆಟ್ಟಿಗೆ ಮಾಡಿ ಕಾಲೇಜಿಗೆ ಒಪ್ಪಿಸಬೇಕಿತ್ತು. ಹಾಗಾಗಿ ಅವರ ಹಿಂದೆಯೇ ತೋಟಕ್ಕೆ ಹೋಗುತ್ತಿದ್ದೆ. ಅವರು ಬಾಳೆಕಂಬವನ್ನು ಮೊಳದುದ್ದ ಕಡಿದು, ಉದ್ದಕ್ಕೆ ಸೀಳಿ, ಸೀಳಿದ ಮುಖ ನೆಲಕ್ಕೆ ತಾಗುವಂತೆ ಗಿಡಗಳ ಬುಡದಲ್ಲಿ ಮಗುಚಿಡುತ್ತಿದ್ದರು. ವಾಸನೆಗೆ ಹುಳಗಳು ಬಂದು ಅಡಿಯಲ್ಲಿ ಸೇರಿಕೊಳ್ಳುತ್ತವೆ. ಮಾರನೆಯ ಬೆಳಿಗ್ಗೆ ಎತ್ತಿ ನೋಡಿದರೆ ಐದಾರು ಸಿಕ್ಕುತ್ತಿದ್ದವು.

ಬಾಳೆಗೆ ಬೀಳುವ ಮೂತಿ ಹುಳದಲ್ಲಿ ಎರಡು ಜಾತಿ. ನಮ್ಮ ವಿಜ್ಞಾನದ ಪುಸ್ತಕಗಳಲ್ಲೂ ಅದಕ್ಕೆ ಜಾತಿ ಎಂದೇ ಹೆಸರು, ಕುಟುಂಬದ ಕೆಳಗೆ ಜಾತಿ, ಜಾತಿಯ ಕೆಳಗೆ ಪ್ರಭೇದ. ಒಂದು ಜಾತಿ ನೆಲದ ಕೆಳಗೆ ಗೆಡ್ಡೆ ಕೊರೆಯುತ್ತದೆ, ಅದು ಕಾಸ್ಮೊಪೊಲೈಟಿಸ್. ಇನ್ನೊಂದು ನೆಲದ ಮೇಲೆ ಕಂಬ ಕೊರೆಯುತ್ತದೆ, ಅದು ಒಡೊಯ್ಪೊರಸ್. ಅವರು ಆ ಹೆಸರುಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದರು, ಆದರೆ ರೈತರ ಎದುರು ಕೆಳಗಿನದು, ಮೇಲಿನದು ಎಂದಷ್ಟೇ ಅನ್ನುವರು. ಎರಡೂ ಕಪ್ಪು, ಎರಡಕ್ಕೂ ಮೂತಿ, ಅಳತೆಯೂ ಹೆಚ್ಚುಕಡಿಮೆ ಒಂದೇ. ಗುರುತು ಇರುವುದು ಪಾದದಲ್ಲಿ. ಹುಳದ ಪಾದ ಕಬ್ಬಿನ ಹಾಗೆ ಗೆಣ್ಣು ಗೆಣ್ಣಾಗಿರುತ್ತದೆ. ಮೂರನೇ ಗೆಣ್ಣು ಅಗಲವಾಗಿ ಹರಡಿದ್ದರೆ ಮೇಲಿನದು. ಎರಡನೆಯದರಷ್ಟೇ ಕಿರಿದಾಗಿದ್ದರೆ ಕೆಳಗಿನದು.

ಇದು ಬರೀ ಓದಿನ ಮಾತಲ್ಲ. ಮೇಲಿನದಾದರೆ ಹೆದರಬೇಕಿಲ್ಲ, ಕೊಳೆತ ಕಂಬ ಕಡಿದು ಸುಟ್ಟರೆ ಆಯಿತು, ಕಂದು ಧಾರಾಳವಾಗಿ ಕೊಡಬಹುದು. ಕೆಳಗಿನದಾದರೆ ಅದರ ಮೊಟ್ಟೆ, ಮರಿ ಎಲ್ಲ ಗೆಡ್ಡೆಯೊಳಗೇ ಇದ್ದು ಕಂದಿನ ಜೊತೆ ಊರೂರಿಗೆ ಪ್ರಯಾಣ ಮಾಡುತ್ತದೆ. ಅಂಥ ತೋಟದ ಕಂದನ್ನು ಯಾರಿಗೂ ಕೊಡಕೂಡದು. ಹೀಗೆ ದೊಡ್ಡಮನೆಯ ಹೆಸರು ಒಂದು ಹುಳದ ಕಾಲಿನ ಮೇಲೆ ನಿಂತಿತ್ತು.

ಮೊದಲ ವಾರದಲ್ಲಿ ಒಂದು ತಮಾಷೆ ನಡೆಯಿತು. ನಮ್ಮ ಜಗಲಿಯ ಮೇಲೆ ಕೂತು ಅವರು ಹುಳವೊಂದನ್ನು ಕಣ್ಣಿಗೆ ಹಿಡಿದಿದ್ದರು. ಅಪ್ಪನಿಗೆ ಮೂರು ದಿನದಿಂದ ಬೇರೆಯೇ ಪ್ರಶ್ನೆ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಮನುಷ್ಯ ಓದಿದವನು, ಮಾತಿನಲ್ಲಿ ಹಕಾರ ಶುದ್ಧ, ಹೆಸರಿನಿಂದ ಏನೂ ತಿಳಿಯುತ್ತಿಲ್ಲ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು.

“ಅಲ್ಲಾ ಸಾ, ಯಾವ ಜಾತಿ ಅಂತ ಗೊತ್ತಾಗ್ನಿಲ್ವಲ್ಲ?”

“ಅವಸರ ಮಾಡ್ಬೇಡಿ ಗೌಡ್ರೇ, ಕಾಲು ನೋಡ್ಬುಟ್ಟು ಹೇಳ್ತೀನಿ” ಎಂದರು ಇವರು, ಕಣ್ಣೆತ್ತದೆ.

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಪ್ಪ ತಲೆ ಕೆರೆದುಕೊಂಡರು. ಆ ಮಾತನ್ನು ಹೇಳಿಕೊಂಡು ನಾವು ಹದಿನೈದು ದಿನ ನಕ್ಕಿದ್ದೇವೆ. ಆಗ ಇನ್ನೂ ನಗು ಚೆನ್ನಾಗಿತ್ತು...

ಮೂಗೂರಿನಿಂದ ನನ್ನ ಸೋದರಮಾವ ಬಂದ ದಿನ ಅದು ನಿಂತಿತು. ತೋಟದಲ್ಲಿ ಇವರನ್ನು ದೂರದಿಂದ ನೋಡಿದವನೇ ಮಾವ ಅಪ್ಪನನ್ನು ಪಕ್ಕಕ್ಕೆ ಕರೆದ. “ಅವ್ನಾ? ನಮ್ಮೂರ ಕೆಳಗಲ ಕೇರಿಯೋನು ಕಣ್ ಬಾವ! ಜಗಲಿ ಮ್ಯಾಲೆ ಕೂರಿಸ್ಕಂಡಿದ್ದೀಯಲ್ಲ!” ಮಾರನೆಯ ದಿನ ಕಬ್ಬಿಣದ ಕುರ್ಚಿಯೊಂದು ಅಂಗಳದ ನಡುವೆ, ಬಿಸಿಲಲ್ಲಿ ನಿಂತಿತ್ತು. ಇವರು ಸೈಕಲ್ ಇಳಿದು, ಜಗಲಿಯ ಕಡೆ ಎರಡು ಹೆಜ್ಜೆ ಹಾಕಿ, ಕುರ್ಚಿ ನೋಡಿ ನಿಂತರು. ಅಪ್ಪ, “ಬೆಳಕು ಅಲ್ಲಿ ಚೆಂದಾಗದೆ ಸಾ, ಉಳ ನೋಡಕ್ಕೆ” ಎಂದರು. “ಹೌದು ಗೌಡ್ರೇ, ಇಲ್ಲೇ ಬೆಳಕು ಚೆನ್ನಾಗದೆ” ಎಂದು ಇವರು ಕೂತರು. ಆ ದಿನದಿಂದ ಅಮ್ಮ ಕೊಡುತ್ತಿದ್ದ ಟೀ ಕೂಡ ನಿಂತಿತು.

ನನಗೆ ಅದರಿಂದ ಬೇಸರವಾಯಿತೇ? ಆಗಲಿಲ್ಲ. ಸತ್ಯ ಹೇಳುವುದಾದರೆ ಒಂಥರಾ ಸಮಾಧಾನವಾಯಿತು. ಅದಕ್ಕೆ ಹಿಂದಿನ ವಾರ ನನ್ನ ಪೆಟ್ಟಿಗೆಯನ್ನು ಅವರಿಗೆ ತೋರಿಸಿದ್ದೆ, ಹೊಗಳುತ್ತಾರೆಂದು. ಅವರು ನಲವತ್ತನ್ನೂ ಒಂದೊಂದಾಗಿ ನೋಡಿ ಒಂಬತ್ತು ಚೀಟಿ ಕಿತ್ತು ಹಾಕಿದರು. ಅಪ್ಪ, ಅಮ್ಮ, ಆಳುಗಳು ಎಲ್ಲ ಎದುರಿಗಿದ್ದರು. “ಮುಖ ನೋಡಿ ಹೆಸರು ಬರ್ದಿದ್ದೀರಿ ತಾಯಿ. ಕಾಲು ನೋಡೇ ಇಲ್ಲ” ಎಂದರು. ಆಮೇಲೆ ಮೂರು ದಿನ ಕೂತು ಒಂಬತ್ತನ್ನೂ ಸರಿಮಾಡಿಸಿದರು. ಮೇಲಿನದು, ಕೆಳಗಿನದು ಒಂದೊಂದನ್ನು ತಾವೇ ಪಿನ್ನಿಗೆ ಕೂರಿಸಿಕೊಟ್ಟರು. ರಜೆ ಮುಗಿದ ಮೇಲೆ ಆ ಪೆಟ್ಟಿಗೆಗೆ ಕಾಲೇಜಿನಲ್ಲಿ ಮೊದಲ ಸ್ಥಾನ ಬಂತು. ಉಪಕಾರ ಮಾಡಿದವರ ಮೇಲೆ ಎಂಥ ಸಿಟ್ಟು ಬರುತ್ತದೆಂದು ನನಗೆ ಆ ಮೂರು ದಿನದಲ್ಲೇ ಗೊತ್ತಾಗಿತ್ತು. ತಪ್ಪು ತೋರಿಸಿದವರು ಇಂಥವರು ಎಂದು ಮಾವನ ಬಾಯಿಂದ ತಿಳಿದ ಮೇಲೆ ಆ ಸಿಟ್ಟಿಗೆ ಒಂದು ನೆಲೆ ಸಿಕ್ಕಿತು.

ಕಂದು ಕೊಳ್ಳಲು ತಾಂಡವಪುರದಿಂದ ಇಬ್ಬರು ಬಂದದ್ದು ಕುರ್ಚಿ ಅಂಗಳಕ್ಕೆ ಇಳಿದ ಕೆಲವು ದಿನಗಳ ಮೇಲೆ. ಇಬ್ಬರೂ ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅಷ್ಟರಲ್ಲಿ ತೋಟದಿಂದ ಇವರು ಸೀಸೆ ಹಿಡಿದು ಬಂದರು. ಬಂದವರಲ್ಲಿ ಒಬ್ಬ, “ಏನ್ ಸಾ ಅದು, ಯಾವ ಉಳ?” ಎಂದು ಕೇಳಿದ. ಅಪ್ಪ ಕಣ್ಸನ್ನೆ ಮಾಡಿದರು. ಇವರು ನೋಡಿದರು, ಖಂಡಿತ ನೋಡಿದರು. ನೋಡಿಯೂ ಹೇಳಿದರು.

“ಮೇಲ್ಜಾತಿದು ಅಂದ್ಕಂಡಿದ್ರು ಸಾ ಇವ್ರು. ಅಲ್ಲ. ಕೆಳಜಾತಿದು. ನಾಕು ಸಲ ಕಾಲು ನೋಡಿದ್ದೀನಿ. ದೊಡ್ಡಮನೆ ತೋಟದ ತುಂಬ ಅದೇ ಅದೆ. ಈ ವರ್ಷ ಕಂದು ತಗೀಬೇಡಿ.”

ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪಕ್ಕೆ ಹಿಡಿದು ನಕ್ಕರು. “ದೊಡ್ಡಮನೆ ತುಂಬ ಕೆಳಜಾತಿದು ಸೇರ್ಕಂಬುಟ್ಟದಂತೆ ಕಣ್ಲಾ!” ಟೀ ಅರ್ಧಕ್ಕೆ ಬಿಟ್ಟು ಎದ್ದರು. ಆ ಮಾತು ಸಂಜೆಯೊಳಗೆ ನಾಲ್ಕು ಊರು ಸುತ್ತಿತು.

ಕೆಳಗಿನದು, ಮೇಲಿನದು ಎಂದು ಯಾವಾಗಲೂ ಹೇಳುತ್ತಿದ್ದ ಮನುಷ್ಯ ಅವತ್ತೇ ಯಾಕೆ ಜಾತಿ ಸೇರಿಸಿ ಹೇಳಿದರು? ಹುಳದ ಜಾತಿ ಎಂದು ಪಾಠದ ಧಾಟಿಯಲ್ಲೇ ಹೇಳಿದರೋ, ಅಂಗಳದ ಕುರ್ಚಿಗೆ ಉತ್ತರ ಕೊಟ್ಟರೋ... ಅವರ ತುಟಿಯ ಕೊನೆಯಲ್ಲಿ ಏನೋ ಇತ್ತೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಹಾಗೆ ಉತ್ತರ ಕೊಟ್ಟಿದ್ದರೆ ತಪ್ಪಿಲ್ಲ ಎಂದು ಈಗ ಅನ್ನಬಲ್ಲೆ. ಆಗ ಅಪ್ಪನ ಮುಖ ನೋಡಿ ನನ್ನ ರಕ್ತ ಕುದಿಯಿತು.

ಹೊರಡುವಾಗ ಆ ಸೀಸೆಯನ್ನು ಅವರು ನನ್ನ ಕೈಗೆ ಕೊಟ್ಟರು. ಒಳಗೆ ಐದು ಹುಳ. ಹೊರಗೆ ಬಿಳಿ ಪಟ್ಟಿಯ ಮೇಲೆ ಅವರ ದುಂಡು ಅಕ್ಷರದಲ್ಲಿ ‘ಕೆಳಗಿನದು, ಐದು’ ಎಂದಿತ್ತು. “ಬುಧವಾರ ಬಂದು ತಗೊಂಡು ಹೋಗ್ತೀನಿ. ಅಷ್ಟರೊಳಗೆ ನೀವೂ ನೋಡಿ ಚಿತ್ರ ಬರ್ಕಳಿ ತಾಯಿ. ಐದಕ್ಕೂ ಕಿರಿದೇ” ಎಂದರು. ನೋಡಿದೆ. ಐದಕ್ಕೂ ಕಿರಿದೇ ಇತ್ತು. ಸೀಸೆಯ ಬಾಯಿಗೆ ಅರಗು ಹಾಕಿ ರುಜು ಮಾಡಬೇಕಿತ್ತು, ಮಾಡಿರಲಿಲ್ಲ. ನನ್ನ ಕೈಯಲ್ಲಿದೆಯಲ್ಲ ಎಂಬ ನಂಬಿಕೆ.

ಬುಧವಾರ ಅವರು ಬರಲಿಲ್ಲ, ಬರುವಂತಿರಲಿಲ್ಲ. ಅಪ್ಪ ನಂಜನಗೂಡಿಗೆ ಹೋಗಿ ಅರ್ಜಿ ಬರೆಸಿ ಮೇಲಿನವರಿಗೆ ಕಳಿಸಿದ್ದರು. ಇಲ್ಲದ ಹುಳ ಇದೆಯೆಂದು ಹೇಳಿ ವ್ಯಾಪಾರ ಕೆಡಿಸಿದ, ಮಾನವಂತರ ಮನೆಯಲ್ಲಿ ನಿಂತು ಜಾತಿ ಎತ್ತಿ ಆಡಿದ ಎಂದು. ಜಾತಿ ಎತ್ತಿ ಆಡಿದ್ದು ಯಾರು ಎಂದು ಆ ಅರ್ಜಿಯನ್ನು ಓದಿದವರು ಯಾರೂ ಕೇಳಲಿಲ್ಲ. ವಿಚಾರಣೆ ಮುಗಿಯುವವರೆಗೆ ಊರಿನೊಳಗೆ ಬರಕೂಡದೆಂದು ಅವರಿಗೆ ಆದೇಶವಾಯಿತು. ಈ ಕಡೆ ಅಪ್ಪ ಅವರು ಹೇಳಿಕೊಟ್ಟ ಪ್ರಕಾರವೇ, ಒಂದಕ್ಷರ ತಪ್ಪದೆ, ಹುಳ ಬಿದ್ದ ಗಿಡಗಳನ್ನು ಗೆಡ್ಡೆ ಸಮೇತ ಅಗೆಸಿ ಸುಡಿಸಿದರು. ಹುಳ ಇರುವುದು ಸುಳ್ಳೆಂದು ಅರ್ಜಿಯಲ್ಲಿ ಬರೆಸಿದ ಕೈಯೇ ಬೆಂಕಿ ಹಚ್ಚಿತು.

“ಆ ಸೀಸೆ ಎಲ್ಲದೆ ಕೂಸೇ?” ಎಂದು ಅಪ್ಪ ಕೇಳಿದರು.

“ನನ್ನ ಹತ್ರ ಅದೆ.”

“ಬಿಸಾಕ್ಬುಡು ಅತ್ಲಾಗೆ.”

“ಬ್ಯಾಡ ಅಪ್ಪ. ಬಿಸಾಕಿದ್ರೆ ಅವ್ರು ಹೇಳಿದ್ದೇ ನಿಜ ಅಂತ ಆಯ್ತದೆ. ನಾನು ನೋಡ್ಕತೀನಿ.”

ಅಪ್ಪ ನನ್ನನ್ನು ಒಂಥರಾ ಹೊಸದಾಗಿ ನೋಡಿದರು. ಏನು ಮಾಡುತ್ತೀ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾರ ಮಾತಿಗೂ ಕಟ್ಟುಬಿದ್ದು ಮಾಡಿದ ಕೆಲಸ ಅದಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ತೋಟದ ಮೂಲೆಯಲ್ಲಿ ಕಡಿದು ಹಾಕಿದ್ದ ಹಳೆಯ ಕಂಬಗಳ ರಾಶಿಯಿತ್ತು. ಎರಡು ಮಧ್ಯಾಹ್ನ ಅದರ ಪಟ್ಟೆ ಸುಲಿಯುತ್ತ ಕೂತೆ. ಬೆರಳ ಸಂದಿನಲ್ಲೆಲ್ಲ ಬಾಳೆಯ ಕರೆ. ಹುಡುಕಿ ಹುಡುಕಿ ಮೇಲಿನದನ್ನೇ ಐದು ಹಿಡಿದೆ, ಅಳತೆ, ಬಣ್ಣ ಸರಿಹೊಂದುವಂಥ ಐದು. ಪ್ರತಿಯೊಂದರ ಮೂರನೇ ಗೆಣ್ಣು ಎರಡೆರಡು ಸಲ ನೋಡಿದೆ, ಅವರು ಕಲಿಸಿದ ಹಾಗೆಯೇ. ಸೀಸೆಯಲ್ಲಿದ್ದ ಐದನ್ನು ಒಲೆಗೆ ಹಾಕಿ ಈ ಐದನ್ನು ತುಂಬಿದೆ. ಹೊರಗಿನ ಪಟ್ಟಿಯನ್ನು ಮುಟ್ಟಲಿಲ್ಲ. ‘ಕೆಳಗಿನದು, ಐದು’ ಎಂದು ಅವರ ಕೈಬರಹ ಹಾಗೆಯೇ ಇತ್ತು.

ಮೈಸೂರಿನಿಂದ ಜೀಪಿನಲ್ಲಿ ಸಾಹೇಬರು ಬಂದರು. ಅವರಿಗೆ ಜಗಲಿಯ ಮೇಲೆ ಚಾಪೆ, ಎಳನೀರು. ಇವರು ಅಂಗಳದಲ್ಲಿ ನಿಂತಿದ್ದರು. ಅವತ್ತು ಕುರ್ಚಿಯನ್ನೂ ಹಾಕಿರಲಿಲ್ಲ. ಇಸ್ತ್ರಿ ಶರ್ಟು, ಜೇಬಿನಲ್ಲಿ ಭೂತಗನ್ನಡಿ, ಮುಖದಲ್ಲಿ ಒಂದಿಷ್ಟೂ ಭಯವಿಲ್ಲ. ನನ್ನನ್ನು ನೋಡಿ ಸಣ್ಣದಾಗಿ ನಕ್ಕರು ಕೂಡ. “ಸೀಸೆ ಇವ್ರ ಹತ್ರನೇ ಅದೆ ಸಾ. ಇವ್ರಿಗೂ ಕಾಲು ನೋಡಕ್ಕೆ ಬತ್ತದೆ” ಎಂದು ಸಾಹೇಬರಿಗೆ ಹೇಳಿದರು.

ನಾನು ಸೀಸೆ ತಂದು ಒಂದು ತಟ್ಟೆಯಲ್ಲಿ ಹುಳಗಳನ್ನು ಸುರಿದೆ. ಸಾಹೇಬರು ಬಗ್ಗಿ ನೋಡಿದರು, ಅವರಿಗೆ ಏನೂ ತಿಳಿಯಲಿಲ್ಲ. “ನೀನೇ ನೋಡಿ ಹೇಳಪ್ಪ” ಎಂದರು. ನನಗೆ ಬೇಕಾಗಿದ್ದೂ ಅದೇ. ಈ ಮನುಷ್ಯ ಯಾರ ವಿಷಯಕ್ಕೆ ಬೇಕಾದರೂ ಸುಳ್ಳು ಹೇಳಿಯಾರು, ಹುಳದ ಕಾಲಿನ ವಿಷಯದಲ್ಲಿ ಮಾತ್ರ ಹೇಳಲಾರರು ಎಂದು ನನಗೆ ಗೊತ್ತಿತ್ತು. ಆ ಲೆಕ್ಕಾಚಾರದ ಮೇಲೆಯೇ ಎಲ್ಲವನ್ನೂ ಮಾಡಿದ್ದೆ.

ಅವರು ಮೊದಲನೆಯದನ್ನು ನೋಡಿದರು. ಭೂತಗನ್ನಡಿಯನ್ನು ಶರ್ಟಿನ ಅಂಚಿನಿಂದ ಒರೆಸಿ ಮತ್ತೆ ನೋಡಿದರು. ಎರಡನೆಯದು, ಮೂರನೆಯದು... ಐದೂ ಮುಗಿದ ಮೇಲೆ ಮೊದಲನೆಯದಕ್ಕೆ ಹಿಂದಿರುಗಿದರು. ಅವರ ಕಿವಿಯ ಪಕ್ಕ ಬೆವರಿಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಸಾಹೇಬರು ಗಡಿಯಾರ ನೋಡಿಕೊಂಡರು.

“ಏನಯ್ಯ?”

“ಅಗಲ ಅದೆ ಸಾ.”

“ಹಂಗಂದ್ರೆ?”

“ಮೇಲಿನದು ಸಾ.”

“ಕಂದು ಕೊಡಬಹುದೋ, ಬಾರದೋ?”

“ಕೊಡಬೋದು ಸಾ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಅನುಮಾನ ಇರಲಿಲ್ಲ ಆ ಕಣ್ಣಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ದಾರಿ ತಪ್ಪಿದವರು ದಾರಿ ಕೇಳುವ ಹಾಗೆ ಕೇಳಿದರು. “ಅವತ್ತು ನೀವೂ ನೋಡಿದ್ರಲ್ಲ ತಾಯಿ... ಕಿರಿದಿರ್ನಿಲ್ವಾ?”

“ನನಗೆ ಅವತ್ತೇ ಅಗಲ ಕಾಣಿಸಿತ್ತು. ನೀವು ಹೇಳಿದ ಮೇಲೆ ನಾನೇನು ಹೇಳೋದು ಅಂತ ಸುಮ್ಮನಿದ್ದೆ” ಎಂದೆ.

ಅಷ್ಟೇ ಹೇಳಿದ್ದು. ಅವರು ತಲೆಯಾಡಿಸಿದರು, ಅರ್ಥವಾಯಿತು ಎಂಬಂತೆ. ಸಾಹೇಬರು ಕಾಗದದ ಮೇಲೆ ಬರೆದುಕೊಂಡು ರುಜು ಹಾಕಿಸಿಕೊಂಡರು. ಇವರು ರುಜು ಹಾಕಿ ಅಂಗಳ ದಾಟಿದರು. ಸೈಕಲ್ಲು ಹತ್ತಲಿಲ್ಲ, ತಳ್ಳಿಕೊಂಡೇ ಹೋದರು. ಅವತ್ತು ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ನಾನು ಚೆನ್ನಾಗಿಯೇ ಉಂಡೆ.

ತಿಂಗಳು ಮುಗಿಯುವುದರೊಳಗೆ ಅವರ ಕೆಲಸ ಹೋಯಿತು. ತಾಂಡವಪುರದವರು ಮತ್ತೆ ಬರಲಿಲ್ಲ. ಆದರೆ ಇಲಾಖೆಯ ಕಾಗದ ಕೈಯಲ್ಲಿದ್ದುದರಿಂದ ಕಂದೆಲ್ಲ ಲಾರಿಯಲ್ಲಿ ನರಸೀಪುರದ ಕಡೆಗೆ ಹೋಯಿತು. ಹೊಸದಾಗಿ ನೀರಾವರಿ ಕಂಡ ಸಣ್ಣ ಹಿಡುವಳಿಯವರು ಅದನ್ನು ಕೊಂಡರು, ಮೂಗೂರಿನ ಕೆಳಗಲ ಕೇರಿಯವರೂ ಅದರಲ್ಲಿದ್ದರು. ಎರಡು ವರ್ಷಕ್ಕೆ ಅಲ್ಲಿಯ ಬಾಳೆಯೂ ಬುಡ ಕಳಚಿ ಮಲಗಿತಂತೆ. ಇದನ್ನು ಹೇಳಿದವನು ಸೋದರಮಾವ. ಹುಳದ ಮೇಷ್ಟ್ರನ್ನು ಬಂದು ನೋಡಿ ಎಂದು ಕೇರಿಯವರು ಕರೆದರಂತೆ, ಅವರು ತೋಟಕ್ಕೆ ಕಾಲಿಡಲು ಒಪ್ಪಲಿಲ್ಲವಂತೆ. ಮಾವ ಅದನ್ನು ಹೇಳಿ ನಕ್ಕ. ನಾನು ನಗಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ನಾನು ಎಂ.ಎಸ್ಸಿ. ಮುಗಿಸಿ ಮೇಷ್ಟರಗಿರಿಗೇ ಸೇರಿದೆ. ಕಾಲಿನ ಪಾಠ ಮಾಡುವುದರಲ್ಲಿ ನನ್ನದು ಎತ್ತಿದ ಕೈ ಎಂದು ಹೆಸರು ಬಂತು. ಪ್ರಾಯೋಗಿಕ ಪರೀಕ್ಷೆಗೆ ಮೂತಿ ಹುಳ ಇಡುವಾಗ ಮೂತಿಯನ್ನು ಮುರಿದು ಇಡುತ್ತಿದ್ದೆ, ಮುಖ ನೋಡಿ ಹೇಳುವ ಕಳ್ಳರಿಗೆ ದಾರಿ ಇರಬಾರದೆಂದು. ಹುಡುಗರು ಬೆನ್ನ ಹಿಂದೆ ಏನೇನು ಅನ್ನುತ್ತಿದ್ದರೋ ನನಗೆ ಗೊತ್ತಿತ್ತು, ಅದರಿಂದ ನನಗೆ ಖುಷಿಯೇ ಆಗುತ್ತಿತ್ತು.

ಎರಡು ಸಾವಿರದ ಒಂಬತ್ತೋ ಹತ್ತೋ ಇರಬೇಕು, ನರಸೀಪುರದ ಕಾಲೇಜೊಂದಕ್ಕೆ ಹೊರಗಿನ ಪರೀಕ್ಷಕಿಯಾಗಿ ಹೋಗಿದ್ದೆ. ಮೇಜಿನ ಮೇಲೆ ಸಾಲಾಗಿ ಹತ್ತು ವಸ್ತು, ಒಂದೊಂದಕ್ಕೂ ಎರಡು ನಿಮಿಷ, ಗಂಟೆ ಬಾರಿಸಿದರೆ ಮುಂದಕ್ಕೆ ಹೋಗಬೇಕು. ನಾಲ್ಕನೆಯದು ಮೂತಿ ಮುರಿದ ಹುಳ. ಕೆಳಗಿನದು. ಅದರ ಮುಂದೆ ಒಬ್ಬ ಹುಡುಗಿ ಬಹಳ ಹೊತ್ತು ಬಗ್ಗಿ ನಿಂತಿದ್ದಳು. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಆಮೇಲೆ ಮೌಖಿಕಕ್ಕೆ ನನ್ನ ಎದುರು ಬಂದು ಕೂತಾಗ ಅವಳ ಹಾಳೆ ನೋಡಿದೆ. ‘ಮೂರನೇ ಗೆಣ್ಣು ಕಿರಿದು, ಕಾಸ್ಮೊಪೊಲೈಟಿಸ್’ ಎಂದು ಬರೆದಿದ್ದನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿ, ಕೆಳಗೆ ‘ಅಗಲ, ಒಡೊಯ್ಪೊರಸ್’ ಎಂದಿದ್ದಳು. ಗೆಣ್ಣು ಎಂಬ ಮಾತು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

“ಮೊದಲು ಬರೆದದ್ದನ್ನ ಯಾಕೆ ಹೊಡೆದು ಹಾಕಿದೆ?”

“ಕಿರಿದು ಅನ್ನಿಸ್ತು ಮೇಡಂ. ಆದ್ರೆ ನಂಬಕ್ಕಾಗ್ನಿಲ್ಲ.”

“ಗೆಣ್ಣು ಅಂತ ಯಾರು ಹೇಳಿಕೊಟ್ಟಿದ್ದು?”

“ನಮ್ಮಪ್ಪ ಮೇಡಂ. ಮೊದ್ಲು ಇಲಾಖೆಲಿದ್ರು. ಒಂದ್ಸಲ ಕಾಲು ತಪ್ಪಾಗಿ ನೋಡ್ಬುಟ್ಟು, ಯಾರೋ ದೊಡ್ಡೋರ ಮನೆ ವ್ಯಾಪಾರ ಕೆಡಿಸ್ಬುಟ್ರಂತೆ. ಅದ್ಕೆ ಕೆಲ್ಸ ಹೋಯ್ತು. ನಮ್ ಕಣ್ಣ ನಾವೇ ನಂಬಬಾರ್ದು ಕಣವ್ವ ಅನ್ನೋರು ಯಾವಾಗ್ಲೂ.” ಹುಡುಗಿಗೆ ಮಾತಾಡುವ ಧೈರ್ಯ ಬಂದಿತ್ತು. “ಆ ಮನೇಲಿ ಓದಿದ ಹುಡುಗಿ ಒಬ್ರು ಇದ್ರಂತೆ ಮೇಡಂ. ಅವ್ರು ಮೊದ್ಲೇ ಸರಿಯಾಗಿ ನೋಡಿದ್ರಂತೆ. ನಮ್ಮಪ್ಪನಿಗೆ ಬೇಜಾರಾಯ್ತದೆ ಅಂತ ಹೇಳ್ನಿಲ್ವಂತೆ. ಓದಿದ್ರೆ ಅವ್ರಂಗೆ ಓದು ಅನ್ನೋರು.”

“ಈಗ ಏನು ಮಾಡ್ತಾರೆ ನಿಮ್ಮಪ್ಪ?”

“ಇಲ್ಲ ಮೇಡಂ. ಎರಡು ವರ್ಷ ಆಯ್ತು ಹೋಗಿ.”

ಹೇಳಲು ನನಗೆ ಒಂದೇ ವಾಕ್ಯ ಸಾಕಿತ್ತು. ನಿಮ್ಮಪ್ಪ ನೋಡಿದ್ದು ಸರಿಯಾಗಿತ್ತು. ಐದು ಮಾತು ಕೂಡ ಇಲ್ಲ. ಪಕ್ಕದಲ್ಲಿ ಕಾಲೇಜಿನ ಅಧ್ಯಾಪಕರು ಕೂತಿದ್ದರು, ಬಾಗಿಲಲ್ಲಿ ಮುಂದಿನ ಹುಡುಗ ಕಾಯುತ್ತಿದ್ದ. ಹೊಡೆದು ಹಾಕಿದ ಉತ್ತರಕ್ಕೆ ಅಂಕ ಕೊಡುವ ನಿಯಮವಿಲ್ಲ. ನಾಲ್ಕನೆಯದರ ಮುಂದೆ ಸೊನ್ನೆ ಹಾಕಿದೆ. “ನೆಕ್ಸ್ಟ್” ಎಂದೆ. ಅವಳು ನಮಸ್ಕಾರ ಮಾಡಿ ಹೋದಳು.

ಅವಳು ಪಾಸಾಗಿರಬೇಕು, ಆ ಒಂದು ಸೊನ್ನೆಯಿಂದ ಯಾರೂ ನಪಾಸಾಗುವುದಿಲ್ಲ. ಅವಳ ಅಪ್ಪನ ಕೆಲಸ ಕಿತ್ತುಕೊಂಡದ್ದು ನನಗೆ ಮೊದಲೇ ಗೊತ್ತಿತ್ತು, ಅದರ ಜೊತೆ ಬದುಕುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಅವರ ಕಣ್ಣನ್ನೂ ಕಿತ್ತುಕೊಂಡಿದ್ದೆ ಎಂಬುದು ಅವತ್ತು ಗೊತ್ತಾಯಿತು. ಹದಿಮೂರು ಹದಿನಾಲ್ಕು ವರ್ಷ ಅವರು ತಮ್ಮ ತಪ್ಪು ಎಂದು ನಂಬಿಯೇ ಬದುಕಿ, ನಂಬಿಯೇ ಸತ್ತರು. ಸಾಲದೆಂದು ಅದನ್ನು ಮಗಳಿಗೂ ಕಲಿಸಿ ಹೋದರು.

ಅಪ್ಪ ಈಗಿಲ್ಲ. ಮಾವನೂ ಇಲ್ಲ. ತೋಟದಲ್ಲಿ ಈಗ ಲೇಔಟಿನ ಕಲ್ಲುಗಳಿವೆ. ನನಗೆ ಪಾಠ ಹೇಳಿದವರಲ್ಲಿ ದೊಡ್ಡ ದೊಡ್ಡ ಪದವಿಯವರಿದ್ದರು, ಅವರಷ್ಟು ಸರಿಯಾಗಿ ನೋಡಿದವರನ್ನು ನಾನು ಮತ್ತೆ ಕಾಣಲಿಲ್ಲ. ಯಾವುದೋ ಹುಳ ಗುರುತು ಸಿಗದೆ ತಡಕಾಡುವಾಗ ಇವರು ಇರಬೇಕಿತ್ತು ಅನ್ನಿಸುತ್ತದೆ, ಅನ್ನಿಸಿದ ಮರುಗಳಿಗೆಯೇ ನಾಚಿಕೆಯಾಗುತ್ತದೆ... ಕ್ಷಮೆ ಕೇಳಲು ಅವರಿಲ್ಲ. ಮಗಳಿದ್ದಾಳೆ. ನರಸೀಪುರ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ. ಹೋಗಲಿಲ್ಲ. ಹೋದರೆ ನಾನು ಯಾರೆಂದು ಹೇಳಬೇಕಾಗುತ್ತದೆ, ಓದಿದ ಹುಡುಗಿ ಎಂದು ಅವರು ಮಗಳ ತಲೆಯಲ್ಲಿ ಕೂರಿಸಿ ಹೋದವಳು ನಾನೇ ಎಂದು.

ಈ ಬರಹ ಅವಳ ಕೈಗೆ ಸಿಕ್ಕರೂ ಸಿಗಬಹುದು. ಓದಿದರೆ ಇದು ನಮ್ಮಪ್ಪನೇ ಇರಬೇಕು ಎಂದು ಅವಳಿಗೆ ಅನ್ನಿಸುತ್ತದೆ. ಅನ್ನಿಸಿದ್ದನ್ನು ಅವಳು ನಂಬುವುದಿಲ್ಲ, ಮತ್ತೊಂದು ಸಲ ಯೋಚಿಸಿ ಇರಲಾರದು ಎಂದು ಗೆರೆ ಎಳೆದು ಹಾಕುತ್ತಾಳೆ. ಅವರ ಹೆಸರನ್ನು ಇಲ್ಲಿ ಒಂದೇ ಒಂದು ಸಲ ಬರೆದುಬಿಟ್ಟರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಬೆಳಿಗ್ಗೆಯಿಂದ ಪೆನ್ನು ಹಿಡಿದು ಕೂತಿದ್ದೇನೆ. ಬರೆದಿಲ್ಲ.